ದಿನ ನುಂಗುವ ಚಿಲ್ಲರೆ ಕೆಲಸಗಳು

ನಮ್ಮ ತೋಟದ ದೊಡ್ಡ ಕೆಲಸಗಳು ಹೆಚ್ಚಾಗಿ ದೊಡ್ಡ ಕಾರಣಕ್ಕೆ ಕೆಡುವುದಿಲ್ಲ. ಹರಿದ ವಾಶರು, ಸಿಕ್ಕದ ಹಗ್ಗ, ಕಿಸೆಯಲ್ಲಿ ಕೂಗುವ ಫೋನು, ಏಣಿ ಕೇಳಲು ಬಂದ ನೆರೆಯವರು - ಇಂಥವುಗಳಿಂದಲೇ ಕೆಡುವುದು. ‘ಇವತ್ತು ಬೆಳಗಿನಿಂದ ಕೂತದ್ದೇ ಇಲ್ಲ ಮಾರಾಯ್ರೆ, ಆದರೆ ಆದ ಕೆಲಸ ಎಂತ ಕೇಳಿದ್ರೆ ಹೇಳ್ಲಿಕ್ಕೆ ಒಂದೂ ಇಲ್ಲ’ ಎಂಬ ಮಾತು ಸಂಜೆ ಹೊತ್ತು ಎಷ್ಟು ಜಗಲಿಗಳಲ್ಲಿ ಕೇಳುವುದಿಲ್ಲ!

ಹತ್ತು ನಿಮಿಷದ ಕೆಲಸ ಹತ್ತೇ ನಿಮಿಷ ತಿನ್ನುತ್ತದೆ ಎಂದು ನಮ್ಮ ಎಣಿಕೆ. ಅದು ಹಾಗಲ್ಲ. ಎಷ್ಟು ತಿನ್ನುತ್ತದೆ ಎಂಬುದು ಅದು ಯಾವ ಕೆಲಸದ ನಡುವೆ ಬಂತು ಎಂಬುದರ ಮೇಲೆ ಹೊಂದಿಕೊಂಡಿದೆ. ಈ ವಿಚಾರವನ್ನು ಒಂದು ಮಳೆಗಾಲ ಸ್ವಲ್ಪ ಗಮನವಿಟ್ಟು ನೋಡಿದ್ದೇನೆ. ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಡಿಯಬಹುದಾದದ್ದು, ಕಡಿಯಬಾರದ್ದು

ಮೊದಲು ಕೆಲಸಗಳನ್ನು ಎರಡು ಪಾಲು ಮಾಡಬೇಕು. ಸೊಪ್ಪು ಕಡಿಯುವುದು, ಕಳೆ ತೆಗೆಯುವುದು, ಮೆಣಸಿನ ಬಳ್ಳಿ ಕಟ್ಟುವುದು, ಅಡಿಕೆ ಸುಲಿಯುವುದು - ಇವೆಲ್ಲ ನಡುವೆ ನಿಲ್ಲಿಸಿದರೂ ಕೆಡದ ಕೆಲಸಗಳು. ಅರ್ಧ ಗಂಟೆ ಬಿಟ್ಟು ಬಂದರೆ ಬಿಟ್ಟಲ್ಲಿಂದಲೇ ತೊಡಗಬಹುದು. ಹೋದದ್ದು ಅರ್ಧ ಗಂಟೆ ಮಾತ್ರ.

ಇನ್ನು ಕೆಲವು ಹಾಗಲ್ಲ. ಟಾಂಕಿಗೆ ಕಾಂಕ್ರೀಟು ಹಾಕುವಾಗ ಸಿಮೆಂಟಿಗೆ ನೀರು ಬಿದ್ದ ಮೇಲೆ ಯಾರಿಗೂ ಕಾಯುವುದಿಲ್ಲ. ಕಾಳುಮೆಣಸಿಗೆ ಒಳ್ಳೆಯ ಕಪ್ಪು ಬಣ್ಣ ಬರಲು ಕುದಿಯುವ ನೀರಿನಲ್ಲಿ ಅದ್ದುವುದು ಒಂದು ನಿಮಿಷ. ಬುಟ್ಟಿ ನೀರಲ್ಲಿರುವಾಗ ಫೋನಿಗೆ ಹೋದರೆ ಆ ಬುಟ್ಟಿಯ ಕತೆ ಮುಗಿಯಿತು. ಅಂಗಳದಲ್ಲಿ ಅಡಿಕೆ ಹರಡಿರುವಾಗ ಮೋಡ ಕಟ್ಟಿದರೆ ಒಟ್ಟುಮಾಡುವ ಕೆಲಸವೂ ಇದೇ ಜಾತಿಯದ್ದು.

ಈ ಎರಡನೇ ಪಾಲಿನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದು ಅಡಿಕೆಗೆ ಮದ್ದು ಬಿಡುವುದು. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ದ್ರಾಕ್ಷಿಯ ರೋಗಕ್ಕಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮಿಶ್ರಣ ಇದು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಇದನ್ನು ನಮ್ಮ ಕೊಳೆರೋಗಕ್ಕೆ ತಂದರು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆಯ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ನಾವು ಮರೆಯುವುದು ಇನ್ನೊಂದನ್ನು. ಮೈಲುತುತ್ತಿನ ನೀರು ಬೇರೆ, ಸುಣ್ಣದ ನೀರು ಬೇರೆ ಇರುವಷ್ಟು ಹೊತ್ತು ಎರಡೂ ಕಾಯುತ್ತವೆ. ಬೆರೆಸಿದ ಮೇಲೆ ಕಾಯುವುದಿಲ್ಲ. ಅದೇ ದಿನ ಮರಕ್ಕೆ ಹೋಗಬೇಕು. ಇಟ್ಟಷ್ಟೂ ಮದ್ದಿನ ಕಸು ಮತ್ತು ಗೊನೆಗೆ ಅಂಟುವ ಗುಣ ಇಳಿಯುತ್ತದೆ. ಮರುದಿನಕ್ಕೆ ಉಳಿದದ್ದು ಮದ್ದಲ್ಲ, ಬರೇ ನೀಲಿ ನೀರು.

ಇದರ ಮೇಲೆ ಮಳೆಯ ಹೊಳವು ನೋಡಬೇಕು. ಮರ ಏರುವವರು ಸಿಕ್ಕುವ ದಿನ ನೋಡಬೇಕು. ಬೋರ್ಡೋ ರೋಗ ಬಾರದಂತೆ ತಡೆಯುವ ಮದ್ದು, ಬಂದ ಮೇಲೆ ಗೊನೆ ಉಳಿಸುವ ಮದ್ದಲ್ಲ. ಆದ್ದರಿಂದ ಆ ಒಂದು ದಿನ ತಪ್ಪಿದರೆ ಅದರ ಬೆಲೆ ಆಗಸ್ಟಿನಲ್ಲಿ ಮರದ ಬುಡದಲ್ಲಿ ಬಿದ್ದಿರುತ್ತದೆ.

ಭಾವನ ತೋಟದ ಲೆಕ್ಕ

ಮೇ ಕೊನೆಗೆ ಭಾವನ ತೋಟದಲ್ಲಿ ಮೊದಲ ಮದ್ದು. ಪೈಪು ಎಳೆಯುವ ಸಹಾಯಕ್ಕೆ ನಾನು ಹೋಗಿದ್ದೆ. ಮರ ಏರುವವರು ಇಬ್ಬರು, ಪಂಪಿನ ಹತ್ತಿರ ಒಬ್ಬ, ಮಿಶ್ರಣಕ್ಕೆ ಭಾವ. ಎಡೆಯಲ್ಲಿ ಏನೇನು ಬರುತ್ತದೆ ಎಂದು ಬರೆದುಕೊಳ್ಳಲಾ ಎಂದು ಕೇಳಿದೆ. ‘ಬರಿ ಬರಿ, ನನಗೂ ಗೊತ್ತಾಗ್ಲಿ’ ಎಂದರು. ಎಂಟು ಗಂಟೆಯಿಂದ ಹನ್ನೆರಡೂವರೆ ತನಕ ನನ್ನ ಪುಸ್ತಕಕ್ಕೆ ಬಂದದ್ದು ಇಷ್ಟು:

8.20: ಪಂಪಿನ ವಾಶರು ಸೋರಿತು. ಬೇರೆ ಹುಡುಕಲು ಮನೆಗೆ. 15 ನಿಮಿಷ.
8.50: ಉಪನಯನಕ್ಕೆ ಕರೆಯಲು ನೆಂಟರ ಫೋನು. 10 ನಿಮಿಷ.
9.25: ನೆರೆಯವರು ಏಣಿ ಕೇಳಲು ಬಂದರು. 10 ನಿಮಿಷ.
9.45: ಗ್ಯಾಸ್ ಸಿಲಿಂಡರ್ ಬಂತು, ದುಡ್ಡು ಕೊಡಬೇಕು. 10 ನಿಮಿಷ.
10.50: ಹಟ್ಟಿಯ ಮಾಡು ನೋಡಲು ಮೇಸ್ತ್ರಿ ಬಂದರು. 25 ನಿಮಿಷ.
11.30: ತೂಗಿಟ್ಟ ಸುಣ್ಣ ಮುಗಿಯಿತು. ಪುನಃ ತೂಗಿ, ನೀರು ಹಾಕಿ ಅರಳಿಸಿ ತರಲು 20 ನಿಮಿಷ.
12.00: ‘ದನ ಬೆದೆಗೆ ಬಂದ ಹಾಗೆ ಕಾಣ್ತದೆ’ ಎಂದು ಮನೆಯಿಂದ ಕರೆ. 15 ನಿಮಿಷ.

ಒಟ್ಟು ಏಳು. ಒಟ್ಟು ಹೊತ್ತು 105 ನಿಮಿಷ. ಯಾವುದೂ ಅನಗತ್ಯದ್ದಲ್ಲ, ಯಾರದ್ದೂ ಸೋಮಾರಿತನ ಅಲ್ಲ. ಎಲ್ಲವೂ ಮರ್ಯಾದೆಯ ಕೆಲಸಗಳೇ.

ಇದರಲ್ಲಿ ಪಂಪು ನಿಜವಾಗಿ ನಿಂತದ್ದು 50 ನಿಮಿಷ. ವಾಶರಿಗೆ 15, ಸುಣ್ಣಕ್ಕೆ 20. ಮೇಸ್ತ್ರಿಯೊಡನೆ ಮಾತಾಡುತ್ತಿದ್ದಾಗ ಡ್ರಮ್ಮು ಖಾಲಿಯಾಗಿ ಇನ್ನೊಂದು 15. ಮೂವರು ಕೆಲಸದವರು 50 ನಿಮಿಷ ಸುಮ್ಮನೆ ನಿಂತರೆ ಎರಡೂವರೆ ಗಂಟೆಯ ಸಂಬಳ. ಆದರೆ ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ದನ ನೋಡಿ ಬಂದ ಭಾವನಿಗೆ ‘ಈ ಡ್ರಮ್ಮಿಗೆ ಸುಣ್ಣ ಎರಡೂ ಕಿಲೋ ಬಿದ್ದಿದೆಯಾ, ಒಂದೇಯಾ’ ಎಂಬ ಸಂಶಯ ಬಂತು. ಉಜ್ಜಿದ ಕತ್ತಿಯನ್ನು ಅದ್ದಿ ನೋಡಿದರು. ಕತ್ತಿಯ ಮೇಲೆ ಕೆಂಪು ಕೂತಿತು. ಸುಣ್ಣ ಸಾಲದು ಎಂದು ಅರ್ಥ. ಪುನಃ ಸುಣ್ಣದ ಹಾಲು ಹಾಕಿ ಸರಿಮಾಡಿದರು. ಕತ್ತಿಯ ಪರೀಕ್ಷೆ ಇಲ್ಲದಿದ್ದರೆ ಎಳೆ ಕಾಯಿ ಸುಡುವ ಮದ್ದು ಮೇಲೆ ಹೋಗುತ್ತಿತ್ತು. ಎಡೆಯಲ್ಲಿ ಎದ್ದುಹೋದರೆ ಕಳೆಯುವುದು ಹೊತ್ತು ಮಾತ್ರ ಅಲ್ಲ, ಕೈಯಲ್ಲಿದ್ದ ಲೆಕ್ಕವೂ ಹೋಗುತ್ತದೆ.

ಮೂರು ಗಂಟೆಗೆ ಗುಡುಗು ಮಳೆ. ಡ್ರಮ್ಮಿನಲ್ಲಿ ಅರ್ಧ ಉಳಿಯಿತು. ಸುಮಾರು ಅರುವತ್ತು ಮರ ಬಾಕಿ. ಏರುವವರು ಮರುದಿನಕ್ಕೆ ಬೇರೆ ತೋಟಕ್ಕೆ ಮಾತು ಕೊಟ್ಟಿದ್ದರು. ಅವರು ತಿರುಗಿ ಬಂದದ್ದು ಒಂಬತ್ತು ದಿನ ಕಳೆದು. ಬೆಳಗಿನ 50 ನಿಮಿಷ ಇದ್ದಿದ್ದರೆ ಆ ಅರುವತ್ತು ಮರ ಮುಗಿಯುತ್ತಿತ್ತು ಎಂದು ಏರುವವರೇ ಹೇಳಿದರು.

ಏಳನ್ನು ಮೂರು ಮಾಡಿದಾಗ

ಆ ರಾತ್ರಿ ಊಟ ಮಾಡಿ ನಾವಿಬ್ಬರೂ ಪಟ್ಟಿ ಹಿಡಿದು ಕೂತೆವು. ಏಳು ಅಡ್ಡಿಗಳು ಮೂರು ಗುಂಪಿಗೆ ಬಿದ್ದವು.

ಒಂದು, ಹಿಂದಿನ ಸಂಜೆಯೇ ತಡೆಯಬಹುದಾದವು: ವಾಶರು, ಸುಣ್ಣ. 35 ನಿಮಿಷ.
ಎರಡು, ಕಾಯಬಹುದಾದವು: ಫೋನು, ಮೇಸ್ತ್ರಿ, ದನ. 50 ನಿಮಿಷ.
ಮೂರು, ಬೇರೆಯವರು ಮಾಡಬಹುದಾದವು: ಏಣಿ, ಸಿಲಿಂಡರ್. 20 ನಿಮಿಷ.

ಭಾವನೇ ಹೋಗಲೇಬೇಕಾಗಿದ್ದ, ಆ ಕ್ಷಣವೇ ಆಗಬೇಕಾಗಿದ್ದ ಕೆಲಸ ಏಳರಲ್ಲಿ ಒಂದೂ ಇರಲಿಲ್ಲ. ನಮಗಿಬ್ಬರಿಗೂ ಆಶ್ಚರ್ಯವಾದದ್ದು ಇದು.

ದನದ ವಿಚಾರಕ್ಕೆ ಸ್ವಲ್ಪ ವಿವರಣೆ ಬೇಕು. ಬೆದೆ ಎಂದ ಕೂಡ್ಲೆ ನಾವು ಗಾಬರಿ ಬೀಳುತ್ತೇವೆ. ಆದರೆ ಬೆಳಗ್ಗೆ ಬೆದೆ ಕಂಡ ದನಕ್ಕೆ ಅದೇ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಮಾಡಿಸುವುದು ಪಶುವೈದ್ಯರು ಹೇಳುವ ಕ್ರಮ. ಹಾಗಾಗಿ ಹನ್ನೆರಡು ಗಂಟೆಗೆ ತೋಟ ಬಿಟ್ಟು ಓಡಬೇಕಾಗಿಲ್ಲ. ಮನೆಯಿಂದಲೇ ಯಾರಾದರೂ ಒಂದು ಫೋನು ಮಾಡಿ ಹೊತ್ತು ನಿಗದಿ ಮಾಡಿದರೆ ಸಾಕು. ಕೆಲಸದ ಒಳಗುಟ್ಟು ಗೊತ್ತಿದ್ದರೆ ಅರ್ಧ ಅರ್ಜೆಂಟು ಅರ್ಜೆಂಟೇ ಅಲ್ಲ.

ಹಿಂದಿನ ಸಂಜೆಯ ಅರ್ಧ ಗಂಟೆ

ಕಡಿಯಬಾರದ ಕೆಲಸಕ್ಕೆ ಹಿಂದಿನ ಸಂಜೆ ಅರ್ಧ ಗಂಟೆ ಇಟ್ಟುಕೊಳ್ಳಬೇಕು. ಮದ್ದಿಗಾದರೆ ಹೀಗೆ:

- ಎಷ್ಟು ಡ್ರಮ್ಮು ಬೇಕು ಎಂದು ಎಣಿಸಿ, ಅಷ್ಟು ಕಟ್ಟು ಸುಣ್ಣ ಬೇರೆ ಬೇರೆ ತೂಗಿಡುವುದು. ಒಂದು ಕಟ್ಟು ಹೆಚ್ಚಿಗೆ ಇರಲಿ. 200 ಲೀಟರಿನ ಡ್ರಮ್ಮಿಗೆ ಎರಡು ಕಿಲೋ.
- ಮೈಲುತುತ್ತನ್ನೂ ಹಾಗೇ ತೂಗಿ, ಮೊದಲ ಡ್ರಮ್ಮಿನದ್ದನ್ನು ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಬಕೆಟಿನ ನೀರಿಗೆ ಇಳಿಬಿಡುವುದು. ಬೆಳಗ್ಗೆ ಕರಗಿ ತಯಾರಿರುತ್ತದೆ. ಕಬ್ಬಿಣದ ಪಾತ್ರೆ ಬೇಡ.
- ಪಂಪನ್ನು ಬರೇ ನೀರು ಹಾಕಿ ಐದು ನಿಮಿಷ ಓಡಿಸಿ ನೋಡುವುದು. ಸೋರುವ ವಾಶರು ಸಂಜೆಯೇ ಸೋರಲಿ.
- ಒಂದು ಡಬ್ಬಿಯಲ್ಲಿ ವಾಶರು, ನೋಝಲ್, ಪೈಪಿನ ಕ್ಲಾಂಪು, ತಂತಿ, ಸ್ಪಾನರು, ಚಿಕ್ಕ ಕತ್ತಿ. ಈ ಡಬ್ಬಿ ಡ್ರಮ್ಮಿನ ಹತ್ತಿರವೇ ಇರಬೇಕು. ಅಟ್ಟದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.
- ಒಂದು ಕೊಡಪಾನ ಒಳ್ಳೆಯ ನೀರು. ಕಣ್ಣಿಗೆ ಮದ್ದು ಹಾರಿದರೆ ತೊಳೆಯಲು ಮನೆಗೆ ಓಡಬಾರದು.
- ಸಿಲಿಂಡರಿಗೋ, ಹಾಲಿನವರಿಗೋ ಕೊಡುವ ದುಡ್ಡು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ.

ಮತ್ತೊಂದು ಮಾತು. ಮರುದಿನ ಬರಬಹುದಾದವರಿಗೆ ಸಂಜೆಯೇ ಒಂದು ಫೋನು: ‘ನಾಳೆ ನಮ್ಮಲ್ಲಿ ಮದ್ದು ಉಂಟು, ನಾಡಿದ್ದು ಬನ್ನಿ.’ ಇದಕ್ಕೆ ಯಾವ ಮೇಸ್ತ್ರಿಯೂ ಬೇಸರ ಮಾಡುವುದಿಲ್ಲ. ಬಂದ ಮೇಲೆ ವಾಪಸು ಕಳಿಸಿದರೆ ಬೇಸರ.

ಕಿಸೆಯ ಪುಸ್ತಕ

ಎರಡನೇ ಗುಂಪು, ಅಂದರೆ ಕಾಯಬಹುದಾದ ಕೆಲಸಗಳಿಗೆ ನನಗೆ ಸಿಕ್ಕಿದ ಮದ್ದು ಒಂದು ಚಿಕ್ಕ ಪುಸ್ತಕ ಮತ್ತು ಒಂದು ತುಂಡು ಪೆನ್ಸಿಲ್. ಪೆನ್ನು ಒದ್ದೆ ಕೈಗೆ ಆಗುವುದಿಲ್ಲ. ಕೆಲಸ ಬಂದಾಗ ಮಾಡುವುದಲ್ಲ, ಬರೆಯುವುದು. ‘ತೆಂಕು ಬದಿ ಕಣಿಗೆ ಗರಿ ಬಿದ್ದಿದೆ.’ ‘ಮೇಸ್ತ್ರಿಗೆ ಹಂಚಿನ ಲೆಕ್ಕ.’ ಬರೆದಾಗ ಮನಸ್ಸಿಗೆ ಸಮಾಧಾನ, ಮರೆಯುವ ಹೆದರಿಕೆ ಇಲ್ಲ. ನಾವು ಅರ್ಧ ಚಿಲ್ಲರೆ ಕೆಲಸಗಳಿಗೆ ಓಡುವುದು ಅವು ಅರ್ಜೆಂಟೆಂದು ಅಲ್ಲ, ಮರೆತುಹೋದೀತು ಎಂಬ ಹೆದರಿಕೆಯಿಂದ.

ಆದರೆ ಬರೆದಿಟ್ಟರೆ ಸಾಲದು, ಅವಕ್ಕೆ ದಿನದಲ್ಲಿ ಒಂದು ಹೊತ್ತು ಕೊಡಬೇಕು. ನಮ್ಮಲ್ಲಿ ಮಧ್ಯಾಹ್ನ ಊಟದ ನಂತರ ಕೆಲಸದವರು ಏಳುವ ಮೊದಲಿನ ಅರ್ಧ ಗಂಟೆ ಫೋನಿಗೆ, ಸಂಜೆ ಐದರ ಮೇಲಿನ ಒಂದು ಗಂಟೆ ಉಳಿದದ್ದಕ್ಕೆ. ಪೇಟೆಯ ಕೆಲಸಗಳಿಗೆ ಪುಸ್ತಕದ ಹಿಂದಿನ ಪುಟ. ಆರು ಸಾಲು ಆದ ಮೇಲೆ ಒಂದು ಸಲ ಪೇಟೆಗೆ. ಒಂದು ಕ್ಲಾಂಪಿಗಾಗಿ ಬೈಕು ಹತ್ತುವುದು ನಿಂತಿದೆ.

ಪುಸ್ತಕದಿಂದ ಇನ್ನೊಂದು ಉಪಕಾರ. ಬರೆದ ಕೆಲಸಗಳಲ್ಲಿ ಕೆಲವು ಸಂಜೆಗಾಗುವಾಗ ತನ್ನಷ್ಟಕ್ಕೇ ಮುಗಿದಿರುತ್ತವೆ. ಏಣಿ ಬೇರೆ ಕಡೆ ಸಿಕ್ಕಿರುತ್ತದೆ. ಫೋನು ಮಾಡಿದವರಿಗೆ ಉತ್ತರ ಬೇರೆಯವರಿಂದ ದೊರೆತಿರುತ್ತದೆ.

ಕೂಡ್ಲೆ ಹೋಗಬೇಕಾದವು

ಹಾಗೆಂದು ಎಲ್ಲವನ್ನೂ ಪುಸ್ತಕಕ್ಕೆ ಹಾಕಿದರೆ ಅನಾಹುತ. ನಾವು ಮನೆಯವರಿಗೂ ಕೆಲಸದವರಿಗೂ ಒಂದೇ ಪ್ರಶ್ನೆ ಹೇಳಿಕೊಟ್ಟಿದ್ದೇವೆ: ‘ಮಧ್ಯಾಹ್ನದ ತನಕ ಬಿಟ್ಟರೆ ತಿರುಗಿ ಸರಿಮಾಡ್ಲಿಕ್ಕೆ ಆಗ್ತದಾ?’ ಆಗುತ್ತದೆ ಎಂದಾದರೆ ಬರೆಯಿರಿ. ಆಗುವುದಿಲ್ಲ ಎಂದಾದರೆ ಕರೆಯಿರಿ, ಯಾವ ಮದ್ದಿದ್ದರೂ ಬಿಟ್ಟು ಬರುತ್ತೇವೆ.

ಮನುಷ್ಯರಿಗೆ ಏಟು, ಹಾವು ಕಚ್ಚಿದ್ದು, ಬೆಂಕಿ - ಇದರಲ್ಲಿ ಕೇಳುವುದಕ್ಕೇ ಇಲ್ಲ. ದನದ ಎಡ ಹೊಟ್ಟೆ ಉಬ್ಬಿ ಉಸಿರು ಕಟ್ಟಿದ ಹಾಗಾದರೆ ಕಾಯಬಾರದು. ಕರು ಹಾಕುವ ದನ ನೀರು ಚೀಲ ಒಡೆದು ಒಂದೆರಡು ಗಂಟೆ ತಿಣುಕಿದರೂ ಕರು ಕಾಣದಿದ್ದರೆ ಡಾಕ್ಟರಿಗೆ ಫೋನು ಹೋಗಬೇಕು.

ನಡುವಣ ಜಾತಿ ಒಂದುಂಟು. ಪೈಪು ಒಡೆದು ನೀರು ಹಾರುತ್ತಿದೆ, ದನ ಹಗ್ಗ ಬಿಚ್ಚಿ ತೋಟಕ್ಕೆ ಹೊಕ್ಕಿದೆ, ತಡಮೆ ಮುರಿದಿದೆ. ಇವಕ್ಕೆ ನಮ್ಮ ಕ್ರಮ: ಮೊದಲು ತಡೆ, ದುರಸ್ತಿ ಮತ್ತೆ. ಗೇಟ್‌ವಾಲ್ವು ತಿರುಗಿಸಿ ನೀರು ನಿಲ್ಲಿಸಲು ಅರ್ಧ ನಿಮಿಷ. ಒಡೆದಲ್ಲಿ ಕೊಯ್ದು ಸೊಲ್ಯೂಷನ್ ಹಚ್ಚಿ ಜೋಡಿಸಲು ಅರ್ಧ ಗಂಟೆ. ಅರ್ಧ ನಿಮಿಷದ್ದನ್ನು ಯಾರೂ ಮಾಡಬಹುದು, ಅರ್ಧ ಗಂಟೆಯದ್ದು ಪುಸ್ತಕಕ್ಕೆ. ಈ ಎರಡನ್ನು ಒಂದೇ ಕೆಲಸ ಎಂದು ತಿಳಿದುಕೊಂಡಿರುವುದರಿಂದಲೇ ನಮ್ಮ ಎಷ್ಟೋ ದಿನಗಳು ಹೋಗುತ್ತವೆ.

ಮರದ ಮೇಲಿರುವವನ ದಿನ

ನಮಗೆ ಅಡ್ಡಿ ಬರುತ್ತದೆ ಎಂದು ಹೇಳುವ ನಾವೇ ಬೇರೆಯವರಿಗೆ ಎಷ್ಟು ಅಡ್ಡಿ ಮಾಡುತ್ತೇವೆ ನೋಡಿ. ತಳೆ ಕಟ್ಟಿ ಮರದ ತುದಿಯಲ್ಲಿರುವವನನ್ನು ‘ಏಯ್, ಆಚೆ ಮರದ್ದು ಆಯ್ತಾ?’ ಎಂದು ಕೆಳಗಿನಿಂದ ಕೂಗುವುದುಂಟು. ಅವನು ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಹೊತ್ತಿಗೆ ಈ ಕೂಗು ಬಿದ್ದರೆ? ಅವನ ಕಿಸೆಯ ಫೋನು ಕೂಗಿದರೆ? ಮೇಲೆ ಒಬ್ಬ ಇರುವಷ್ಟು ಹೊತ್ತು ಕೆಳಗೆ ಒಬ್ಬ ಇರಲೇಬೇಕು, ಮಾತು ಅವನು ಇಳಿದ ಮೇಲೆ, ಫೋನು ಡ್ರಮ್ಮಿನ ಹತ್ತಿರದ ಚೀಲದಲ್ಲಿ. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಬಿಡುವವರಿದ್ದಾರೆ. ಅಲ್ಲಿಯೂ ಕತ್ತು ಮೇಲೆ ಮಾಡಿ ಗೊನೆಗೆ ಗುರಿ ಇಟ್ಟವನನ್ನು ಮಾತಾಡಿಸಿದರೆ ಒಂದು ಗೊನೆ ತಪ್ಪಿಹೋಗುತ್ತದೆ.

ಅಡುಗೆಮನೆಯ ಕತೆಯೂ ಇದೇ. ಭಾವನ ಮನೆಯ ಪಟ್ಟಿಯನ್ನು ಅಕ್ಕ ಓದಿ, ‘ನನ್ನದೂ ಒಂದು ದಿನ ಬರಿ, ನಿನ್ನ ಪುಸ್ತಕ ಸಾಲ’ ಎಂದಳು. ಸರಿಯಾದ ಮಾತು. ಮೂರನೇ ಗುಂಪಿನ ಕೆಲಸಗಳನ್ನೆಲ್ಲ ‘ಮನೆಯವರು ನೋಡಿಕೊಳ್ಳಲಿ’ ಎಂದು ಒಳಗೆ ದಾಟಿಸಿದರೆ ಅಡ್ಡಿ ಕಡಿಮೆಯಾಗಲಿಲ್ಲ, ಜಾಗ ಬದಲಾಯಿತು ಅಷ್ಟೆ. ಹಾಗಾಗಿ ಅಲ್ಲಿ ಒಂದು ಒಪ್ಪಂದವಾಯಿತು. ಮದ್ದಿನ ದಿನ ಬಂದವರನ್ನು ಅಕ್ಕ ಮಾತಾಡಿಸುವುದು, ಬೆಲ್ಲ ನೀರು ಕೊಡುವುದು, ಏಣಿಯಂಥದ್ದನ್ನು ಕೇಳದೆ ಕೊಟ್ಟುಬಿಡುವ ಅಧಿಕಾರ ಅವಳದ್ದು. ಅವಳು ಹಪ್ಪಳ ಮಾಡುವ, ಉಪ್ಪಿನಕಾಯಿ ಹಾಕುವ ದಿನ ಅದೇ ಕೆಲಸ ಭಾವನದ್ದು. ಆ ದಿನ ಎಡೆಯಲ್ಲಿ ‘ಒಂದು ಚಾ’ ಎಂದು ಕೂಗಲಿಕ್ಕಿಲ್ಲ.

ಎರಡನೇ ಮದ್ದಿನ ದಿನ

ಮೊದಲ ಮದ್ದು ಬಿಟ್ಟು 40-45 ದಿನಕ್ಕೆ ಎರಡನೆಯದ್ದು. ಜುಲೈ ನಡುವಿನಲ್ಲಿ ಒಂದು ಹೊಳವು ಸಿಕ್ಕಿತು. ಮೇಲಿನದ್ದನ್ನೆಲ್ಲ ಮಾಡಿ ನೋಡಿದೆವು. ಅಡ್ಡಿಗಳು ಕಡಿಮೆಯಾದವಾ? ಇಲ್ಲ, ಆ ದಿನವೂ ಆರು ಬಂದವು. ಆದರೆ ಪಂಪು ನಿಂತದ್ದು ಒಂದು ಸಲ, 10 ನಿಮಿಷ. ನೋಝಲಿಗೆ ಕಸ ಸಿಕ್ಕಿ. ಡಬ್ಬಿ ಹತ್ತಿರವೇ ಇತ್ತು.

ಆ ದಿನ ಕಲಿತದ್ದು ಮತ್ತೊಂದುಂಟು. ಆಕಾಶ ನಂಬುವ ಹಾಗೆ ಇರಲಿಲ್ಲ. ಹಾಗಾಗಿ ಭಾವ 200 ಲೀಟರ್ ಒಮ್ಮೆಲೇ ಬೆರೆಸದೆ ನೂರು ನೂರು ಲೀಟರ್ ಮಾಡಿದರು. ಹನ್ನೊಂದು ಗಂಟೆಗೆ ಒಂದು ದಪ್ಪ ಮಳೆ ಬಂದು ಮುಕ್ಕಾಲು ಗಂಟೆ ನಿಂತಿತು. ಡ್ರಮ್ಮಿನಲ್ಲಿ ಉಳಿದದ್ದು ಹತ್ತಿಪ್ಪತ್ತು ಲೀಟರ್ ಮಾತ್ರ. ಸಂಜೆಗೆ ತೋಟ ಮುಗಿಯಿತು. ಯಾವ ಕೆಲಸ ಕಡಿಯಬಾರದೋ ಅದನ್ನು ಚಿಕ್ಕ ಚಿಕ್ಕ ಕಂತು ಮಾಡಿದರೆ, ಕಡಿದರೂ ನಷ್ಟ ಒಂದು ಕಂತಿನದ್ದು ಮಾತ್ರ. ಕಾಂಕ್ರೀಟಿಗೂ ಇದೇ, ಕಾಳುಮೆಣಸಿಗೂ ಇದೇ.

ಮಳೆ ನಿಂತ ಆ ಮುಕ್ಕಾಲು ಗಂಟೆಯೂ ಹಾಳಾಗಲಿಲ್ಲ. ಮಾಡಿನ ಅಡಿಯಲ್ಲಿ ಮಾಡುವ ಕೆಲಸಗಳ ಒಂದು ‘ಮಳೆ ಪಟ್ಟಿ’ಯನ್ನು ಹಟ್ಟಿಯ ಕಂಬಕ್ಕೆ ಸಿಕ್ಕಿಸಿದ್ದೆವು. ಕತ್ತಿ ಮಸೆಯುವುದು, ಮೆಣಸಿನ ಬಳ್ಳಿ ನೆಡುವ ತೊಟ್ಟೆಗೆ ಮಣ್ಣು ತುಂಬುವುದು, ಬಳ್ಳಿ ಕಟ್ಟಲು ಹಗ್ಗ ತುಂಡು ಮಾಡುವುದು, ಗೋಣಿ ಹೊಲಿಯುವುದು. ಕೆಲಸದವರೇ ಪಟ್ಟಿ ನೋಡಿ ಕೈಗೆ ಸಿಕ್ಕಿದ್ದನ್ನು ಹಿಡಿದರು. ಚಿಲ್ಲರೆ ಕೆಲಸ ಚಿಲ್ಲರೆ ಹೊತ್ತಿಗೆ ಹೋಯಿತು.

ಇಡೀ ದಿನ ಕಟ್ಟಿಹಾಕಬೇಡಿ

ಬೆಳಗಿನಿಂದ ಸಂಜೆ ತನಕ ಗಂಟೆ ಗಂಟೆಗೆ ಕೆಲಸ ಬರೆದಿಡುವವರಿದ್ದಾರೆ. ತೋಟದಲ್ಲಿ ಅದು ನಡೆಯುವುದಿಲ್ಲ. ಮಳೆ, ಕರೆಂಟು, ದನ, ನೆಂಟರು - ಯಾರೂ ನಮ್ಮ ಗಡಿಯಾರ ನೋಡಿ ಬರುವವರಲ್ಲ. ದಿನಕ್ಕೆ ಒಂದೇ ಮುಖ್ಯ ಕೆಲಸ, ಅದಕ್ಕೆ ದಿನದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಬಂದದ್ದಕ್ಕೆ. ಏನೂ ಬಾರದಿದ್ದರೆ ಪುಸ್ತಕ ತೆರೆದರಾಯಿತು.

ಕಡಿಯಬಹುದಾದ ಕೆಲಸದ ದಿನಗಳಲ್ಲಿ ಇಷ್ಟೆಲ್ಲ ಬಿಗಿ ಬೇಡವೇ ಬೇಡ. ಬಳ್ಳಿ ಕಟ್ಟುವಾಗ ನೆರೆಯವರು ಬಂದರೆ ಕತ್ತಿ ಕೆಳಗಿಟ್ಟು ಮಾತಾಡಿ. ಆಚೀಚೆ ತೋಟದ ಸುದ್ದಿ, ಯಾವ ಬದಿಯಲ್ಲಿ ಕೊಳೆ ಕಂಡಿದೆ, ಏರುವವರು ಯಾರು ಸಿಕ್ಕುತ್ತಾರೆ - ನಮಗೆ ಬೇಕಾದ ಎಷ್ಟೋ ವಿಷಯ ಬರುವುದು ಇಂಥ ಮಾತಿನಲ್ಲೇ.

ಮುಂದಿನ ಸಲ ನಿಮ್ಮಲ್ಲಿ ಮದ್ದು ಬಿಡುವ ದಿನ, ಮನೆಯ ಹೈಸ್ಕೂಲು ಮಕ್ಕಳ ಕೈಗೆ ಒಂದು ಪುಸ್ತಕ ಕೊಟ್ಟು ಡ್ರಮ್ಮಿನಿಂದ ಸ್ವಲ್ಪ ದೂರ ಕೂರಿಸಿ. ಎಷ್ಟು ಗಂಟೆಗೆ ಎಂತ ಬಂತು, ಪಂಪು ಎಷ್ಟು ನಿಮಿಷ ನಿಂತಿತು, ಇಷ್ಟೇ ಬರೆಯಲಿ. ರಾತ್ರಿ ಅದನ್ನು ಮೂರು ಗುಂಪು ಮಾಡಿ ನೋಡಿ. ನಿಮ್ಮ ತೋಟದ ಪಟ್ಟಿ ಭಾವನ ಪಟ್ಟಿಯ ಹಾಗೆ ಇರಲಿಕ್ಕಿಲ್ಲ. ಯಾವ ಗುಂಪು ದೊಡ್ಡದೋ ಅಲ್ಲಿಂದ ತೊಡಗಿದರೆ ಸಾಕು.